ತಲೆ ಕುಷ್ಟಗೀದು, ಮೈ ಗೋದಾವರೀದು

ಹನ್ನೊಂದು ವರ್ಷದ ಹಿಂದಿನ ಮಾತು. ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ದಾದೇಸಾಬ ಪೇಪರು ಕೊಂಡ. ಒಂದಲ್ಲ, ನಾಲ್ಕು. ನಾಲ್ಕೂ ಒಂದೇ ಪೇಪರು. ಹತ್ತಿ ಬಡಿದು ಗಾದಿ ತುಂಬುವ ಪಿಂಜಾರ ಅವನು, ಓದು ಬರಹ ಗೊತ್ತಿಲ್ಲದವ. ಆದರೆ ಮಗ ಮುನವ್ವರ ಗೋದಾವರಿ ಸಮುದ್ರ ಸೇರೋ ಸೀಮೆಯಲ್ಲಿ ನೆಲದಡಿಯ ಗ್ಯಾಸ್ ಪತ್ತೆ ಮಾಡಿದ್ದಾನೆ, ಇವತ್ತು ಅವನ ಹೆಸರು ಪೇಪರಿನಲ್ಲಿ ಬರುತ್ತದೆ ಅಂತ ಸೊಸೆ ಗುಲ್ಶನ ಬೆಳಗ್ಗೇನೇ ಹೇಳಿದ್ದಳು. ಮುದುಕ ಚಹಾದಂಗಡಿಯಲ್ಲಿ ಕೂತು ಗುರುತಿನ ಮಾಸ್ತರರ ಕೈಯಲ್ಲಿ ಓದಿಸಿದ. ಸುದ್ದಿ ಇತ್ತು. ಫೋಟೋನೂ ಇತ್ತು, ಅದರಲ್ಲಿ ಮಗನ ಮೇಲಿನ ಅಧಿಕಾರಿ ಪಂಪಾಪತಿ ನಗುತ್ತಿದ್ದ. ಮಗನ ಹೆಸರು ಇರಲಿಲ್ಲ. "ಇನ್ನೊಮ್ಮೆ ಓದ್ರಿ ಮಾಸ್ತರ, ಎಲ್ಲ್ಯರ ಸಣ್ಣ ಅಕ್ಷರದಾಗ ಇರಬೇಕು" ಅಂದ. ಮಾಸ್ತರರು ಇನ್ನೊಮ್ಮೆ ಓದಿದರು, ಪಾಪ, ಜಾಹೀರಾತನ್ನೂ ಬಿಡಲಿಲ್ಲ. ಇರಲಿಲ್ಲ.

ದಾದೇಸಾಬ ಆ ಬಗ್ಗೆ ಮಗನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ ಎಷ್ಟೋ ಪಾಡಿತ್ತು. ಮರುವರ್ಷ ಅವನು ತೀರಿಕೊಂಡಾಗ ಗಾದಿಯ ಕೆಳಗೆ ಆ ನಾಲ್ಕು ಪೇಪರು ಸಿಕ್ಕವು, ಮಡಿಕೆ ಕೆಡದ ಹಾಗೆ. ಅವತ್ತು ಮುನವ್ವರ ತಂದೆಗಾಗಿ ಅತ್ತ, ಆಮೇಲೆ ಪಂಪಾಪತಿಯ ಹೆಸರು ಹಿಡಿದು ಶಾಪ ಹಾಕಿದ. ಹೊಟ್ಟೆಯೊಳಗಿನ ಆ ಬೆಂಕಿ ಹನ್ನೊಂದು ವರ್ಷವಾದರೂ ಆರಲಿಲ್ಲ.

ಮುನವ್ವರನ ಕೆಲಸ ಎಂಥದ್ದು ಅಂತ ಮೊದಲು ಹೇಳಿಬಿಡಬೇಕು. ನೆಲದೊಳಗೆ ಏನಿದೆ ಅಂತ ಅಗೆದೇ ನೋಡೋದು ಭಾಳ ದೊಡ್ಡ ಬಾಬತ್ತು. ಅದಕ್ಕೇ ಮೊದಲು ತಟ್ಟಿ ನೋಡುತ್ತಾರೆ, ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡಿದ ಹಾಗೆ. ದೈತ್ಯ ಲಾರಿಯೊಂದು ಕಬ್ಬಿಣದ ತಟ್ಟೆಯನ್ನು ನೆಲಕ್ಕೆ ಒತ್ತಿ ಗಡಗಡ ನಡುಗಿಸುತ್ತದೆ. ಆ ಸದ್ದು ಕೆಳಗಿಳಿದು, ಕಲ್ಲು ಬದಲಾದ ಕಡೆಯೆಲ್ಲ ಬಡಿದು, ಮೇಲಕ್ಕೆ ತಿರುಗಿ ಬರುತ್ತದೆ. ಹೊಲದುದ್ದಕ್ಕೂ ಚುಚ್ಚಿಟ್ಟ ಸಾವಿರಾರು ಜಿಯೋಫೋನುಗಳು, ಹಳ್ಳಿಯವರ ಬಾಯಲ್ಲಿ ಅವು 'ಕಿವಿ', ಅದನ್ನು ಕೇಳಿಸಿಕೊಂಡು ತಂತಿಯ ಮೇಲೆ ಕಳಿಸುತ್ತವೆ. ಎಲ್ಲ ತಂತಿಗಳೂ ಬಂದು ಸೇರೋದು ಒಂದು ರೆಕಾರ್ಡಿಂಗ್ ಗಾಡಿಗೆ. ಆ ಗಾಡಿಯೊಳಗೆ ಕೂತು, ಪರದೆ ನೋಡಿ, ಎಲ್ಲವನ್ನೂ ಡಿಸ್ಕಿಗೆ ಇಳಿಸುವವನೇ ಮುನವ್ವರ. ಗಟ್ಟಿ ಕಲ್ಲಿನ ಮಾರ್ದನಿ ಒಂದು ಬಗೆ, ಗ್ಯಾಸ್ ತುಂಬಿದ ಮರಳುಗಲ್ಲಿನದು ಇನ್ನೊಂದು ಬಗೆ. ಜೋರಾಗಿ, ತಿರುವುಮುರುವಾಗಿ ಬರುತ್ತದೆ. ಗೋದಾವರಿಯ ಬಾಯಲ್ಲಿ ಅಂಥದ್ದೊಂದನ್ನು ಮೊದಲು ಕಂಡವನು ಅವನು. ಓಡಿ ಹೋಗಿ ಕ್ಯಾಂಪಿನಲ್ಲಿ ಮಲಗಿದ್ದ ಪಂಪಾಪತಿಯನ್ನು ಎಬ್ಬಿಸಿ ಕರಕೊಂಡು ಬಂದು ತೋರಿಸಿದವನೂ ಅವನೇ. ಎರಡು ತಿಂಗಳಿಗೆ ವರದಿ ಬಂತು. ಅದರಲ್ಲಿ ಎಬ್ಬಿಸಿದವನ ಹೆಸರಿರಲಿಲ್ಲ, ಮಲಗಿದ್ದವನದು ಇತ್ತು.

ಈಗ ನೋಡ್ರಿ, ಕಂಪನಿಯ ಸರ್ವೆ ಅವನು ಹುಟ್ಟಿದ ತಾಲೂಕಿಗೇ ಬಂತು. ಮುಖ್ಯಸ್ಥ ಯಾರು? ಅದೇ ಪಂಪಾಪತಿ. ಗಂಗಾವತಿಯ ಭತ್ತದ ಸೀಮೆಯವನು, ರಿಟೈರಾಗಲು ಎರಡು ವರ್ಷ ಬಾಕಿ. ಕೊಪ್ಪಳದಲ್ಲಿ ಬಾಡಿಗೆ ಮನೆ ಹಿಡಿದು ಆಫೀಸು ಮಾಡಿದ. ನೆಲ ತಟ್ಟುತ್ತ ಹೋಗುವ ಸರ್ವೆಯ ಮೊದಲ ಮೂರು ಸಾಲು ಯಲಬುರ್ಗಾ ಕಡೆ ಹೋದವು. ಏನೂ ಸಿಗಲಿಲ್ಲ. ಕೆಳಗೆಲ್ಲ ಕೊಪ್ಪಳದ ಗುಡ್ಡಗಳದ್ದೇ ಗಟ್ಟಿ ಕಲ್ಲು, ಅದರೊಳಗೆ ಗ್ಯಾಸ್ ಹುಡುಕೋದು ಅಂದರೆ ಬಂಡೆಯಿಂದ ಹಾಲು ಕರೆದ ಹಾಗೆ. ಉಳಿದದ್ದು ನಾಲ್ಕನೇ ಸಾಲು ಒಂದೇ: ಹನುಮಸಾಗರದ ಮರಳುಗಲ್ಲಿನ ಗುಡ್ಡದಿಂದ ದೋಟಿಹಾಳದ ಕಡೆಗೆ. "ಮುನವ್ವರ, ಹೋಗೂ ಮುಂದ ಒಂದು ದೊಡ್ಡದು ಸಿಗಬೇಕು ನೋಡಪಾ, ಕಡೀದು" ಅಂತ ಪಂಪಾಪತಿ ಒಂದು ದಿನ ನಿಟ್ಟುಸಿರು ಬಿಟ್ಟ. ಆ ಮಾತು ಕೇಳಿದ್ದೇ ಮುನವ್ವರನ ತಲೆಯಲ್ಲಿ ಯೋಚನೆ ಹುಟ್ಟಿತು. ಬೇಕೇನು? ಕೊಡ್ತೀನಿ ತಡಿ.

ಹಾವು ಸಾಯಬೇಕು, ಕೋಲು ಮುರಿಯಬಾರದು. ಯೋಜನೆ ಸರಳವಿತ್ತು. ಇಲ್ಲದ ಗ್ಯಾಸನ್ನು ಇದೆ ಅಂತ ತೋರಿಸೋದು. ಆಸೆಬುರುಕ ಪಂಪಾಪತಿ ಅದನ್ನು ತಾನೇ ಕಂಡೆ ಅಂತ ಕುಣಿಯುತ್ತಾನೆ, ತನ್ನೊಬ್ಬನ ಹೆಸರಿನಲ್ಲೇ ವರದಿ ಬರೆಯುತ್ತಾನೆ. ದೊಡ್ಡ ರಿಗ್ ಬರುತ್ತದೆ, ಬಾವಿ ಕೊರೆಯುತ್ತಾರೆ. ಕೆಳಗೆ ಬರೇ ಕಲ್ಲು. ಗುಡ್ಡ ಅಗೆದು ಇಲಿ ಹಿಡಿದ ಅಂತ ಮೂರು ರಾಜ್ಯದ ಕ್ಯಾಂಪುಗಳು ನಗುತ್ತವೆ. ಇಡೀ ಜೀವಮಾನ ಗಳಿಸಿದ ಹೆಸರು ಒಂದೇ ಬಾವಿಯಲ್ಲಿ ಮುಳುಗುತ್ತದೆ. ಪೇಪರಿನಲ್ಲಿ ಮತ್ತೆ ಫೋಟೋ ಬರುತ್ತದೆ, ಆದರೆ ಆ ಸಲ ಅವನು ನಗುತ್ತಿರೋದಿಲ್ಲ. ಸಿಕ್ಕಿಬೀಳುವ ಭಯ? ಒಣ ಬಾವಿಯ ಹತ್ತಿರ ಯಾರೂ ಮತ್ತೆ ಬರೋದಿಲ್ಲ. ಹತ್ತರಲ್ಲಿ ಆರು ಬಾವಿ ಒಣಗೇ ಹೋಗುತ್ತವೆ. ನೆಲವನ್ನು ಬೈದು ರಿಗ್ ಎತ್ತಿಕೊಂಡು ಹೋಗುತ್ತಾರೆ, ಡಿಸ್ಕ್ ತೆಗೆದು ನೋಡುವ ತಲೆನೋವು ಯಾರಿಗೆ ಬೇಕು?

ನೆಲವನ್ನೂ ಹುಷಾರಿಯಿಂದ ಆರಿಸಿದ. ಸಾಲಿನುದ್ದಕ್ಕೂ ಲಾರಿ ನಿಂತು ತಟ್ಟುವ ಜಾಗಕ್ಕೊಂದು ನಂಬರಿನ ಗೂಟ. ಗೂಟ ನಂಬರ್ ಇನ್ನೂರಾ ಹನ್ನೆರಡರಿಂದ ಇನ್ನೂರಾ ನಲವತ್ತೆಂಟು, ಒಟ್ಟು ಮೂವತ್ತೇಳು ಗೂಟ. ನಡುವೆ ಶಿವಬಸಮ್ಮ ಅನ್ನೋ ರೈತ ಹೆಂಗಸಿನ ತೊಗರಿ ಹೊಲ. ಹೊಲ ಸಪಾಟು, ಪಕ್ಕದಲ್ಲೇ ಡಾಂಬರು ರಸ್ತೆ, ರಿಗ್ ಬರಲಿಕ್ಕೆ ಆಗಲಿಲ್ಲ ಅಂತ ಪಂಪಾಪತಿಗೆ ನೆಪ ಸಿಗಬಾರದು. ಅದಕ್ಕಿಂತ ಹಿಂದಿನ ಗೂಟಗಳೆಲ್ಲ ಸತ್ತ ನೆಲವನ್ನೇ ತೋರಿಸಿದ್ದವು. ಆ ಹೊಲದಲ್ಲಿ ಎಷ್ಟು ಬೋರು ಹಾಕಿಸಿದರೂ ಧೂಳು ಬಿಟ್ಟು ಬೇರೇನೂ ಬಂದಿಲ್ಲ ಅಂತ ಶಿವಬಸಮ್ಮ ಗೋಳಾಡಿದ್ದಳು. ಅದನ್ನು ಕೇಳಿ ಮುನವ್ವರನಿಗೆ ಒಳಗೊಳಗೇ ಖುಷಿಯಾಯಿತು. ಸತ್ತ ನೆಲ ಅಂದರೆ ಇದು.

ಇನ್ನು ಸುಳ್ಳು ಗ್ಯಾಸ್. ಅದಕ್ಕೆ ಅವನು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ಗೋದಾವರಿಯ ಆ ದಿನದ ರೆಕಾರ್ಡು ಅವನ ಹತ್ತಿರವೇ ಇತ್ತು. ಕಾಯಿದೆಗೆ ವಿರುದ್ಧ, ಆದರೆ ಈ ಕೆಲಸದವರೆಲ್ಲ ತಮ್ಮ ಒಳ್ಳೆಯ ದಿನದ್ದೊಂದು ಪ್ರತಿ ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ, ಮಗನ ಜಾವಳದ ಫೋಟೋ ಇಟ್ಟುಕೊಂಡ ಹಾಗೆ. ತನ್ನಿಂದ ಕಸಿದುಕೊಂಡದ್ದನ್ನೇ ತಿನ್ನಿಸಿ ಕಳ್ಳನನ್ನು ಕೊಲ್ಲೋದು! ಈ ಯೋಚನೆ ಬಂದಾಗ ಅವನಿಗೆ ನಗು ತಡೆಯಲಾಗಲಿಲ್ಲ, ಅಡಿಗೆ ಮನೆಯಿಂದ ಗುಲ್ಶನ "ಏನಾತ್ರೀ?" ಅಂತ ಕೂಗಿದಳು. "ಏನಿಲ್ಲ ಬಿಡ" ಅಂದ.

ಐದು ಆದಿತ್ಯವಾರ, ಮಧ್ಯಾಹ್ನ ಉಂಡಾದ ಮೇಲೆ, ಕುಷ್ಟಗಿಯ ಮನೆಯ ಪಡಸಾಲೆಯಲ್ಲಿ ಕೂತು ಕೆಲಸ ಮುಗಿಸಿದ. ಪಂಪಾಪತಿಗೆ ಆ ಹಳೆಯ ಚಿತ್ರ ಬಾಯಿಪಾಠ, ಆದ್ದರಿಂದ ಕನ್ನಡಿಯಲ್ಲಿ ನೋಡಿದ ಹಾಗೆ ಎಡದ್ದನ್ನು ಬಲಕ್ಕೆ ಮಾಡಿದ. ಒಂಬೈನೂರು ಮೀಟರಿನಲ್ಲಿದ್ದ ಮಾರ್ದನಿಯನ್ನು ಸಾವಿರದ ನಾಲ್ಕು ನೂರಕ್ಕೆ ಇಳಿಸಿದ. ಗೋದಾವರಿಯ ಮೇಲ್ಮಣ್ಣು ಮೆತ್ತಗೆ, ಅಲ್ಲಿ ಸದ್ದು ನಿಧಾನಕ್ಕೆ ನಡೆಯುತ್ತದೆ; ನಮ್ಮ ಕಲ್ಲಿನಲ್ಲಿ ಓಡುತ್ತದೆ. ಆ ಲೆಕ್ಕವನ್ನೂ ಸರಿಪಡಿಸಿದ. ಗಾಳಿಯಂತ್ರಗಳ ಗುಂಯ್ ಸದ್ದು, ಪಂಪ್‌ಸೆಟ್ಟಿನ ಸದ್ದು, ಎತ್ತಿನ ಬಂಡಿಯ ಕಟಕಟ, ಎಲ್ಲವನ್ನೂ ಬೇರೆಯಾಗಿ ಹಿಡಿದು ಮೇಲೆ ಉದುರಿಸಿದ, ಒಗ್ಗರಣೆ ಹಾಕಿದ ಹಾಗೆ. ಎಂಥ ಕಿವಿಯವನೂ ಇದು ಇಲ್ಲಿಯದಲ್ಲ ಅನ್ನುವಂತಿರಲಿಲ್ಲ.

ಕಟ್ಟಕಡೆಯ ಜಾಣತನ ಬೇರೆಯೇ ಇತ್ತು, ಅದರ ಬಗ್ಗೆ ಅವನಿಗೆ ಭಾರೀ ಹೆಮ್ಮೆ. ರೆಕಾರ್ಡು ಡಿಸ್ಕಿಗೆ ಇಳಿದ ಮೇಲೆ ಅಳಿಸಿದರೆ ಗುರುತು ಉಳಿಯುತ್ತದೆ, ಕಂಪ್ಯೂಟರ್ ಬಲ್ಲವರು ಬೂದಿಯಿಂದ ಎಬ್ಬಿಸಿದ ಹಾಗೆ ಎಬ್ಬಿಸುತ್ತಾರೆ. ಹಾಗಾದರೆ ಇಳಿಯಲಿಕ್ಕೇ ಬಿಡಬಾರದು. ಒಂದು ಚಿಕ್ಕ ಪ್ರೋಗ್ರಾಂ ಬರೆದ. ಆ ಮೂವತ್ತೇಳು ಗೂಟಗಳಿಂದ ತಂತಿಯ ಮೇಲೆ ಸದ್ದು ಬಂದ ಕೂಡಲೇ, ಪರದೆಗೂ ಡಿಸ್ಕಿಗೂ ಮುಟ್ಟುವ ಮೊದಲೇ, ಅದು ಸದ್ದನ್ನು ಆಚೆ ತಳ್ಳಿ ಅದರ ಜಾಗದಲ್ಲಿ ಸುಳ್ಳನ್ನು ಕೂರಿಸುತ್ತಿತ್ತು. ದಿನ, ಹೊತ್ತು, ಗೂಟದ ನಂಬರು, ಉಪಗ್ರಹದ ಗುರುತು ಎಲ್ಲವೂ ಆ ದಿನದ್ದೇ, ಅಸಲಿ. ತಲೆ ಕುಷ್ಟಗೀದು, ಮೈ ಗೋದಾವರೀದು. ಕೆಲಸ ಮುಗಿದ ಮೇಲೆ ಪ್ರೋಗ್ರಾಂ ತನ್ನನ್ನು ತಾನೇ ಒರೆಸಿಕೊಳ್ಳುತ್ತಿತ್ತು. ಬರೆಯದೇ ಇದ್ದದ್ದನ್ನು ಯಾವ ಮಗ ಓದಿಯಾನು?

ಜನವರಿಯ ಒಂದು ಬುಧವಾರ ಕೆಲಸ ನಡೆಯಿತು. ಬೆಳಗ್ಗೆ ಹತ್ತಕ್ಕೆ ಲಾರಿ ಇನ್ನೂರಾ ಹನ್ನೆರಡನೇ ಗೂಟಕ್ಕೆ ಬಂತು, ನೆಲ ನಡುಗಿತು, ಪರದೆಯ ಮೇಲೆ ಗೆರೆಗಳು ಮೂಡಿದವು. ಪಕ್ಕದಲ್ಲಿ ಕೂತಿದ್ದ ಅಸಿಸ್ಟೆಂಟ್ ಅಸ್ಲಮ ಮೂರು ಮಕ್ಕಳ ತಂದೆ, ಆದರೂ ಜಿಗಿದೆದ್ದ.

"ಮಾಮಾ, ಇಲ್ಲಿ ನೋಡ್ರಿ, ಇಲ್ಲಿ! ಸಾವಿರದ ನಾಕುನೂರಕ್ಕ ಏನೋ ಹೊಡದೈತಿ!"

ಮುನವ್ವರ ಊಟದ ಡಬ್ಬಿ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಯಾವದರ ಪಂಪ್‌ಸೆಟ್ ಇರಬೇಕು. ಮುಂದಿನ ಗೂಟ ಹೊಡಿ ಅನ್ನು."

ತಾನು ಕಾಣಬಾರದು. ಇದು ಯೋಜನೆಯ ಬೆನ್ನೆಲುಬು. ಕಂಡವನು ಪಂಪಾಪತಿಯೇ ಆಗಬೇಕು, ಪೂರ್ತಾ ಅವನೊಬ್ಬನೇ. ಮೂವತ್ತೇಳು ಗೂಟ ಮುಗಿಯುವ ತನಕ ಮುನವ್ವರ ಸಜ್ಜೆ ರೊಟ್ಟಿ, ಹಿಂಡಿ, ಮೊಸರು ಅಂತ ನಿಧಾನಕ್ಕೆ ಉಂಡ. ರುಚಿಯಾಗಿತ್ತು.

ಮುಂದಿನದೆಲ್ಲ ಅವನು ಬರೆದಿಟ್ಟ ಹಾಗೇ ನಡೆಯಿತು. ಡಿಸ್ಕುಗಳು ಹೈದರಾಬಾದಿಗೆ ಹೋದವು, ಅಲ್ಲಿ ಸೋಸಿ ಚಿತ್ರ ಮಾಡಿ ಕಳಿಸಿದರು. ಪಂಪಾಪತಿ ಕೊಪ್ಪಳದ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಎರಡು ದಿನ ಹೊರಗೆ ಬರಲಿಲ್ಲ. ಮೂರನೇ ದಿನ ಬಂದಾಗ ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ಹೊಸ ಮದುಮಗನದು. ಚಿತ್ರವನ್ನು ಅಸ್ಲಮನಿಗೆ ತೋರಿಸಿದ, ಡ್ರೈವರನಿಗೆ ತೋರಿಸಿದ, ಚಹಾ ಕೊಡುವವನಿಗೂ ತೋರಿಸಿದ. ಮುನವ್ವರನಿಗೆ ಮಾತ್ರ ಏನೂ ಹೇಳಲಿಲ್ಲ. ಬರೀ ನೋಡಿ, ಬೇರೆ ಕಡೆ ಮುಖ ತಿರುಗಿಸಿದ. ಹಳೇ ಚಾಳಿ, ನಾಯಿ ಬಾಲ ಡೊಂಕೇ ಅಂದುಕೊಂಡ ಮುನವ್ವರ. ಅವನಿಗೆ ಬೇಕಾಗಿದ್ದೂ ಅದೇ.

ಮಾರ್ಚಿನಲ್ಲಿ ವರದಿ ಹೋಯಿತು, ಏಪ್ರಿಲಿನಲ್ಲಿ ಬಾವಿಗೆ ಒಪ್ಪಿಗೆ ಬಂತು. ಒಪ್ಪಿಗೆ ಬಂದ ದಿನ ಸಂಜೆ ಪಂಪಾಪತಿಯ ಜೀಪು ಕುಷ್ಟಗಿಯಲ್ಲಿ ಮುನವ್ವರನ ಮನೆಯ ಮುಂದೆ ನಿಂತಿತು.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಮನೆಗೆ ಬಂದದ್ದು ಅದೇ ಮೊದಲು. ಗುಲ್ಶನ ಗಡಿಬಿಡಿಯಲ್ಲಿ ಮಂಡಕ್ಕಿ ಒಗ್ಗರಣೆ ಮಾಡಿ ಮಿರ್ಚಿ ಕರಿದು ತಂದಳು. ಪಂಪಾಪತಿ ತಟ್ಟೆ ಮುಟ್ಟಲಿಲ್ಲ. ಚೀಲದಿಂದ ವರದಿಯ ಪ್ರತಿ ತೆಗೆದು ಮೊದಲ ಪುಟ ತಿರುವಿ ಮುನವ್ವರನ ಮುಂದಿಟ್ಟ.

"ಓದು" ಅಂದ.

ಮೊದಲ ಹೆಸರು ಮುನವ್ವರನದಿತ್ತು. ಅದರ ಕೆಳಗೆ ಅವನ ತಂದೆಯ ಹೆಸರು, ಊರು ಕುಷ್ಟಗಿ. ಈ ನೆಲದಲ್ಲಿ ಗ್ಯಾಸಿನ ಗುರುತನ್ನು ರೆಕಾರ್ಡಿಂಗ್ ಗಾಡಿಯಲ್ಲೇ ಹಿಡಿದವನು, ಇದರ ಪೂರ್ಣ ಶ್ರೇಯಸ್ಸು ಅವನದು, ರೆಕಾರ್ಡಿನ ಸಾಚಾತನಕ್ಕೆ ಅವನೇ ಜವಾಬ್ದಾರ ಅಂತ ಸಾಲಾಗಿ ಬರೆದಿತ್ತು. ಪಂಪಾಪತಿಯ ಹೆಸರು ಐದನೆಯದು.

"ಗೋದಾವರಿಯಾಗ ನಿನ್ನ ಹೆಸರು ನಾ ನುಂಗಿದೆ" ಅಂದ ಪಂಪಾಪತಿ. "ಖರೇ ಹೇಳ್ತೀನಿ, ಅವತ್ತಿನಿಂದ ನಿನ್ನ ಮಾರಿ ನೋಡಿ ಮಾತಾಡಾಕ ಆಗಿಲ್ಲ ನನಗ. ಮೊನ್ನೆ ಈ ಚಿತ್ರ ನೋಡಿದಾಗ ಅನ್ನಿಸ್ತು, ದೇವರು ಇನ್ನೊಂದ್ಸಲ ಅವಕಾಶ ಕೊಟ್ಟಾನ ನೋಡು, ಈ ಸಲನೂ ತಪ್ಪಿದ್ರ ನಾ ಮನಷ್ಯಾನ ಅಲ್ಲ. ನಿಮ್ಮಪ್ಪ ಇದ್ದಿದ್ರ ಕಾಲಿಗೆ ಬೀಳ್ತಿದ್ದೆ."

"ಬ್ಯಾಡ್ರಿ ಸರ" ಅಂದ ಮುನವ್ವರ. "ನನ್ನ ಹೆಸರು ಬ್ಯಾಡ. ತಗದ ಬಿಡ್ರಿ. ನೀವ ಕಂಡ್ಹಿಡದೀರಿ, ನಿಮ್ಮದ ಇರಲಿ."

"ನೋಡ್ವಾ ತಂಗಿ, ಹೆಂಥಾ ಮನಷ್ಯಾನ್ನ ಕಟಗೊಂಡಿ!" ಅಂತ ಪಂಪಾಪತಿ ಗುಲ್ಶನಳ ಕಡೆ ತಿರುಗಿದ. ಗುಲ್ಶನ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಹನ್ನೊಂದು ವರ್ಷದಿಂದ ಅತ್ತಿರದ ಅಳು ಅದು. "ಮಾವಾರಿಗೆ ಗೊತ್ತಾಗಬೇಕಿತ್ರಿ" ಅಂದಳು. ವರದಿ ಆಗಲೇ ಮೇಲಕ್ಕೆ ಹೋಗಿತ್ತು. ತೆಗೆಯುವಂತಿರಲಿಲ್ಲ.

ಅವತ್ತಿನಿಂದ ಮುನವ್ವರನ ಕೈಕಾಲು ಕಟ್ಟಿ ಹಾಕಿದಂತಾಯಿತು. ಬಾವಿ ಒಣಗಿದರೆ ಈಗ ಮುಳುಗುವ ಮೊದಲ ಹೆಸರು ದಾದೇಸಾಬನ ಮಗನದು. ಸುಮ್ಮನೆ ಒಣಗಿದ ಬಾವಿಯಾದರೂ ಸರಿ, ಊರ ತುಂಬ ನಗೆಪಾಟಲು. ಯಾರಾದರೂ ಕೆದಕಿದರೆ ನೌಕರಿ, ಮಾನ, ಜೈಲು, ಎಲ್ಲ. ನಿಲ್ಲಿಸಬೇಕೆಂದರೆ ನಿಜ ಹೇಳಬೇಕು. ನಿಜ ಹೇಳಿದರೂ ಅದೇ ಜೈಲು. ಮತ್ತೆ, ಎದುರಿಗೆ ಕೂತು ತಪ್ಪೊಪ್ಪಿಕೊಂಡ ಮನುಷ್ಯನಿಗೆ ಈ ಮಾತು ಹೇಳೋದು ಯಾವ ಬಾಯಿಂದ? ದ್ವೇಷ ಮಾಡಲಿಕ್ಕೂ ಅವನಿಗೆ ಈಗ ಯಾರೂ ಉಳಿದಿರಲಿಲ್ಲ.

ಒಂದು ದಿನ ಪಂಪಾಪತಿಯೇ ಕೇಳಿದ: "ರಿಗ್ ಬರೂದು ತಡ ಐತಿ. ಆ ಮೂವತ್ತೇಳು ಗೂಟ ಮತ್ತೊಮ್ಮೆ ಹೊಡದು ನೋಡೋಣೇನು? ಖಾತ್ರಿಗೆ?"

ಮುನವ್ವರ ತಟ್ಟನೆ ಲೆಕ್ಕ ಹಾಕಿದ. ಮತ್ತೊಮ್ಮೆ ಹೊಡೆದರೆ ಸುಳ್ಳು ಬಯಲಾಗುತ್ತದೆ. "ಬ್ಯಾಡ್ರಿ ಸರ, ಶಿವಬಸಮ್ಮ ಹೊಲ ಹರಗಿ ಇಟ್ಟಾಳ, ಲಾರಿ ಹಾಯಿಸಿದ್ರ ಜಗಳಾ ತಗೀತಾಳ. ರೆಕಾರ್ಡ್ ಛಲೋ ಅದಾವಲ್ಲ" ಅಂದ. ಅಷ್ಟಕ್ಕೇ ಒಪ್ಪಿಕೊಂಡ ಪಂಪಾಪತಿ, "ನೀ ಅಂದ್ಮ್ಯಾಲ ಮುಗೀತು" ಅಂದುಬಿಟ್ಟ.

ಮೇ ಮೊದಲ ವಾರ ರಿಗ್ ಹೊತ್ತ ಲಾರಿಗಳು ಹೆದ್ದಾರಿಗುಂಟ ಬಂದವು. ಹಿಟ್ನಾಳದ ಹತ್ತಿರ ಸಾಲಾಗಿ ನಿಂತು ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ಪಂಪಾಪತಿ ಜೀಪು ನಿಲ್ಲಿಸಿ ಇಳಿದು ಲಾರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ಕೊಂಡು ತಂದ ಎತ್ತನ್ನು ಮುಟ್ಟಿ ನೋಡುವ ಹಾಗೆ. ಈಗ ಹೇಳಿಬಿಡಬೇಕು ಅಂದುಕೊಂಡ ಮುನವ್ವರ. ಈಗ ಹೇಳಿದರೆ ಲಾರಿಗಳು ಇಲ್ಲಿಂದಲೇ ತಿರುಗಬಹುದು.

"ಸರ, ಒಂದು ಮಾತು."

"ಹೇಳೋ."

ಪಂಪಾಪತಿಯ ಮುಖದಲ್ಲಿ ಎಂಥ ಹಗುರ ಇತ್ತೆಂದರೆ, ಹನ್ನೊಂದು ವರ್ಷದ ಭಾರ ಇಳಿಸಿದ ಹಗುರ, ಮುನವ್ವರ ಮಾತು ಬದಲಿಸಿದ. "ಚಹಾ ಕುಡಿಯೋಣೇನ್ರಿ?" ಅಂದ. ಕುಡಿದರು. ಲಾರಿಗಳು ಒಂದರ ಹಿಂದೊಂದು ಕುಷ್ಟಗಿಯ ಕಡೆ ಹೋದವು.

ಶಿವಬಸಮ್ಮ ಹೊಲದಲ್ಲಿ ಭೂಮಿಗೆ ಅರಿಷಿಣ ಕುಂಕುಮ ಏರಿಸಿ ಕಾಯಿ ಒಡೆದಳು. "ನೀ ಕಂಡ್ಹಿಡದಿಯಂತಲ್ಲೋ ತಮ್ಮಾ, ಪಿಂಜಾರ ದಾದೇಸಾಬನ ಮಗಾ ಅಂತ ನೀನು? ನಮ್ಮ ಮನ್ಯಾಗ ಇನ್ನೂ ಅವ್ರು ತುಂಬಿದ ಗಾದಿ ಅದಾವಪ್ಪಾ" ಅಂತ ಅವನ ಕೈಗೆ ಕೊಬ್ಬರಿ ಚೂರು ಇಟ್ಟಳು. ಮುನವ್ವರ ಅದನ್ನು ಜೇಬಿಗೆ ಹಾಕಿಕೊಂಡ.

ಕೊರೆತ ಶುರುವಾಯಿತು. ದಿನಾ ಬೆಳಗ್ಗೆ ಹೋಗಿ ಬೇಲಿಯ ಹತ್ತಿರ ನಿಲ್ಲುತ್ತಿದ್ದ. ನೂರು ಮೀಟರ್, ಇನ್ನೂರು ಮೀಟರ್. ಮೇಲೆ ಬಂದ ಕಲ್ಲಿನ ಪುಡಿಯನ್ನು ಜರಡಿಯಲ್ಲಿ ತೊಳೆದು ನೋಡುತ್ತಿದ್ದರು. ಸಾವಿರದ ನಾಲ್ಕು ನೂರಕ್ಕೆ ಇನ್ನೂ ಎಷ್ಟು ದಿನ ಅಂತ ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ, ಗಲ್ಲಿನ ದಿನ ಎಣಿಸುವವನ ಹಾಗೆ. ನಮಾಜಿನಲ್ಲಿ ಏನು ಕೇಳಬೇಕೋ ಅವನಿಗೆ ತಿಳಿಯಲಿಲ್ಲ. ರಿಗ್ ಕೆಡಲಿ ಅಂತ ಕೇಳಿದ, ಮಳೆ ಹೊಡೆಯಲಿ ಅಂತ ಕೇಳಿದ, ಕಡೆಗೆ ಏನೂ ಕೇಳದೆ ಸುಮ್ಮನೆ ಹಣೆ ಊರಿದ. ಮನೆಯಲ್ಲಿ ಗುಲ್ಶನ ಪೇಪರಿನವರು ಬಂದರೆ ತೊಡಲಿಕ್ಕೆ ಅಂತ ಅವನ ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಳು.

ಒಂಬತ್ತನೇ ದಿನ ಮಧ್ಯಾಹ್ನ ಮೂರಕ್ಕೆ ರಿಗ್ಗಿನ ಮೇಲೆ ಯಾರೋ ಕೂಗಿದರು. ಕೊರೆಯುವ ಯಂತ್ರ ನಿಂತಿತು. ಬಾವಿಯೊಳಗಿನ ಕೆಸರು ಕುದಿಯುವ ಅಂಬಲಿಯ ಹಾಗೆ ಗುಳ್ಳೆ ಎಬ್ಬಿಸಿತು. ಹತ್ತೇ ನಿಮಿಷ, ಕವಾಟ ಹಾಕಿದರು, ಗ್ಯಾಸನ್ನು ದೂರದ ಪೈಪಿಗೆ ತಿರುಗಿಸಿದರು, ಬೆಂಕಿ ಹಚ್ಚಿದರು. ರಣಬಿಸಿಲಿನಲ್ಲಿ ಶಿವಬಸಮ್ಮನ ಹೊಲದ ಅಂಚಿಗೆ ಆಳೆತ್ತರದ ಉರಿ ಎದ್ದು ನಿಂತಿತು, ಭರ್ ಅಂತ ಸದ್ದು ಮಾಡುತ್ತ.

ಮುನವ್ವರನಿಗೆ ಮೊದಲು ಅರ್ಥವಾಗಲಿಲ್ಲ. ಪಂಪಾಪತಿ ಓಡಿ ಬಂದು ಅಪ್ಪಿಕೊಂಡು "ಗ್ಯಾಸೋ! ಗ್ಯಾಸ್ ಬಂತೋ, ಮಗನಾ!" ಅಂತ ಅಳುವಾಗಲೂ ಅರ್ಥವಾಗಲಿಲ್ಲ. ಅಸ್ಲಮ ಅವನನ್ನು ಎತ್ತಿ ಕುಣಿದ. ಹನುಮಸಾಗರದಿಂದ ಮಂದಿ ಮೋಟರ್ ಸೈಕಲ್ ಹತ್ತಿ ಬಂದರು. ಪೇಪರಿನವರು ಬಂದು ಹೆಸರು ಕೇಳಿದರು, ತಂದೆಯ ಹೆಸರು ಕೇಳಿದರು, ಅವನು ಬಿಡಿಸಿ ಹೇಳಿದ: "ದಾದೇಸಾಬ. ಬರಕೋರಿ ಸರಿಯಾಗಿ." ಗುಲ್ಶನಳಿಗೆ ಫೋನ್ ಮಾಡಿದ. ಆಗ ಅವನಿಗೆ ತಿಳಿಯಿತು: ಸುಳ್ಳು ಬಿತ್ತಿದ ಹೊಲದಲ್ಲಿ ಖರೇ ಬೆಳೆ ಬಂದಿತ್ತು. ಅಲ್ಲಾ, ಇಷ್ಟು ದೊಡ್ಡ ಕ್ಷಮೆ! ಎರಡು ತಾಸು, ಪೂರ್ತಿ ಎರಡು ತಾಸು, ಕೊಪ್ಪಳ ಜಿಲ್ಲೆಯಲ್ಲಿ ಅವನಷ್ಟು ಸುಖಿ ಬೇರೆ ಯಾರೂ ಇರಲಿಲ್ಲ. ಜೀಪಿಗೆ ಒರಗಿ ಕೂತು ಅವನು ಮಗುವಿನ ಹಾಗೆ ಅತ್ತ.

ಬಿಸಿಲು ಇನ್ನೂ ಇಳಿದಿರಲಿಲ್ಲ. ಪಂಪಾಪತಿ ಜೀಪಿನ ಬಾನೆಟ್ಟಿನ ಮೇಲೆ ಎರಡು ಹಾಳೆ, ಬಾವಿಯ ಲೆಕ್ಕದ್ದೊಂದು, ಜನವರಿಯ ಚಿತ್ರದ್ದೊಂದು, ಹಾಸಿ ಅವನನ್ನು ಕರೆದ. "ಒಂದು ಮಜಾ ನೋಡಿಲ್ಲಿ. ಗ್ಯಾಸ್ ಬಂದದ್ದು ಮುನ್ನೂರಾ ಎಂಬತ್ತಕ್ಕ, ದಪ್ಪ ಪದರ. ಅದನ್ನ ಹಾಯೂ ಮುಂದ ಸದ್ದು ಕುಂಟತೈತಿ, ಅದರ ಕೆಳಗಿನ ಗೆರಿ ಎಲ್ಲಾ ಜೋಲು ಬೀಳಬೇಕು, ಹಗ್ಗದ ಹೊರಸಿನಂಗ. ನಿನ್ನ ಹಾಳ್ಯಾಗ ನೋಡು, ಮುನ್ನೂರಾ ಎಂಬತ್ತಕ್ಕ ಏನಂದ್ರ ಏನೂ ಇಲ್ಲ, ಕೆಳಗೂ ಗೆರಿ ನೆಟ್ಟಗದಾವು. ಈ ಹಾಳಿ ಈ ನೆಲದ್ದು ಅಲ್ಲೋ ಮುನವ್ವರ. ಅಲ್ಲಿ ಅದಲಿಬದಲಿ ಆಗಿರಬೇಕಂತ ಹೈದರಾಬಾದಿಗೆ ಫೋನ್ ಹಚ್ಚಿದ್ದೆ, ಗಾಡಿಯಿಂದ ಬಂದದ್ದ ಹಿಂಗ ಬಂದೈತಿ ಅಂತಾರ. ನಾಳೆ ಅವರ ಮಂದಿ ಬರ್ತಾರ, ಎಲ್ಲಾ ಬಿಚ್ಚಿ ನೋಡ್ತಾರಂತ. ಅದ್ಯಾಕ ಬೇಕು? ಅವತ್ತಿನ ಅಸಲ ರೆಕಾರ್ಡ್ ನೀನ ಕಣ್ಣಾರೆ ನೋಡಿರ್ತೀಯಲ್ಲ, ತಗದು ಕೊಡು, ಅದನ್ನ ಪೇಪರಿಗೆ ಹಾಕಸ್ತೀನಿ, ಕೆಳಗ ನಿನ್ನ ಹೆಸರು." ಮುನವ್ವರ ಹಾಳೆಯನ್ನು ನೋಡಿದ, ಉರಿಯನ್ನು ನೋಡಿದ. ಜನವರಿಯ ಆ ಬುಧವಾರ ಇದೇ ಗ್ಯಾಸಿನ ಸದ್ದು ನೆಲದಿಂದ ಎದ್ದು, ತಂತಿ ಹಿಡಿದು, ಅವನ ಗಾಡಿಗೇ, ಅವನ ಮೇಜಿನ ತನಕ ಮೂವತ್ತೇಳು ಸಲ ಬಂದಿತ್ತು, ಮೂವತ್ತೇಳು ಸಲವೂ ಅವನ ಪ್ರೋಗ್ರಾಂ ಅದನ್ನು ಆಚೆ ತಳ್ಳಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಬಿಡದೆ ಪ್ರತಿಯೊಂದು ರೆಕಾರ್ಡನ್ನು ಕಣ್ಣಾರೆ ನೋಡಿದ್ದ ಅವನು, ಆ ಮೂವತ್ತೇಳರಲ್ಲಿ ಒಂದನ್ನೂ ನೋಡಿರಲಿಲ್ಲ.